ಎಡಗಾಲಿನ ಗೆಜ್ಜೆ

೧೯೩೬ ಜುಲೈ ೬, ಸೋಮವಾರ

ಇದು ಹಳೆಯ ಹಾಜರಿ ಪುಸ್ತಕ. ಮೊದಲ ಹಾಳೆಗಳಲ್ಲಿ ಮೂರು ವರ್ಷದ ಹಿಂದಿನ ಮಕ್ಕಳ ಹೆಸರುಗಳಿವೆ. ಉಳಿದ ಅರ್ಧ ಖಾಲಿ. ಹೊಸದಾಗಿ ಬಂದಿರುವ ಉಪಾಧ್ಯಾಯಿನಿ ರಾಜಲಕ್ಷ್ಮಮ್ಮನವರು ಇದನ್ನು ನನ್ನ ಕೈಗಿಟ್ಟು, "ನಾಲ್ಕನೇ ತರಗತಿ ಓದಿದ್ದೀರಂತೆ. ಅಕ್ಷರ ಮರೆಯಬಾರದು. ದಿನಾ ನಾಲ್ಕು ಸಾಲು ಬರೆಯಿರಿ, ನಾನು ನೋಡುವುದಿಲ್ಲ" ಎಂದರು. ನೋಡುವುದಿಲ್ಲ ಎಂದದ್ದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಇಷ್ಟು. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಪಾಠಶಾಲೆಗೆ ಕರೆತರುವುದು, ಸಾಯಂಕಾಲ ಮತ್ತೆ ಮನೆ ಸೇರಿಸುವುದು. ಜೊತೆಗೆ ಒಬ್ಬ ಹೆಂಗಸು ಇಲ್ಲದಿದ್ದರೆ ಈ ಊರಿನಲ್ಲಿ ಯಾರೂ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಅಣ್ಣ ನಾಗಲಿಂಗಯ್ಯ ಮಧುಗಿರಿಗೆ ಹತ್ತು ಸಲ ತಿರುಗಿ ಈ ಕೆಲಸ ಕೊಡಿಸಿದ. ಅತ್ತಿಗೆ ಚನ್ನಮಲ್ಲಮ್ಮ, "ಮೂಲೇಲಿ ಕೂತು ಗೋಡೆ ನೋಡೋದಾದ್ರೂ ತಪ್ತದೆ" ಎಂದರು.

ಹನ್ನೊಂದು ಮನೆ. ಬಾಗಿಲಲ್ಲಿ ನಿಂತು ಮಗುವಿನ ಹೆಸರು ಹಿಡಿದು ಕೂಗಬೇಕು. ನನಗೆ ದನಿಯೇ ಏಳಲಿಲ್ಲ. ಯಾರಾದರೂ ನೋಡುವ ತನಕ ನಿಂತೆ. ಮೂಡಲಗಿರಿಯಪ್ಪನವರ ಮನೆ ಮುಂದೆ ಬಹಳ ಹೊತ್ತು ನಿಂತಿದ್ದೆ. ಅವರ ತಾಯಿ ಲಕ್ಷ್ಮಕ್ಕ ಒಂದು ಬೊಗಸೆ ರಾಗಿ ಹಿಡಿದು ಹೊರಗೆ ಬಂದರು. ನನ್ನ ಮುಖ ನೋಡಿ ಬೆರಗಾದರು.

"ಅಯ್ಯೋ, ಅಂಗಡಿ ನಾಗಲಿಂಗಯ್ನೋರ ತಂಗಿ ಅಲ್ವಾ! ಕೂಗ್‌ಬಾರ್ದಾ ತಾಯಿ? ಭಿಕ್ಸಕ್ಕೆ ಬಂದೋಳು ಅನ್ಕಂಡು ರಾಗಿ ತಂದ್ಬುಟ್ಟೆ ಕಣಮ್ಮ."

ಅವರ ಮೊಮ್ಮಗಳು, ತಾಯಿಯಿಲ್ಲದ ಆಂಜಿನಮ್ಮನಿಗೆ ಎಂಟು ವರ್ಷ. ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತಂತೆ. ನಡೆಯುತ್ತಾಳೆ, ಆದರೆ ಆ ಪಾದವನ್ನು ಎತ್ತುವುದಿಲ್ಲ, ಎಳೆಯುತ್ತಾಳೆ. ಹೆಬ್ಬೆರಳು ಮಣ್ಣಿಗೆ ಉಜ್ಜಿ ಉಜ್ಜಿ ಗಾಯವಾಗಿದೆ. ಅವಳು ನಡೆದ ಕಡೆ ಧೂಳಿನಲ್ಲಿ ಒಂದು ಗೆರೆ ಬೀಳುತ್ತದೆ. ಸಾಯಂಕಾಲ ಮಕ್ಕಳನ್ನು ಬಿಟ್ಟು ಬರುವಾಗ ಆ ಗೆರೆಯನ್ನು ತುಳಿಯಬಾರದೆಂದು ಪಕ್ಕಕ್ಕೆ ನಡೆದೆ. ಏಕೋ ಗೊತ್ತಿಲ್ಲ.

ಜುಲೈ ೮, ಬುಧವಾರ

ಮಧ್ಯಾಹ್ನ ಡ್ರಿಲ್ಲಿನ ಹೊತ್ತು. ಹಿಂದಿನ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಿದ್ದರಂತೆ. ಆಂಜಿನಮ್ಮ ಸಾಲು ಕೆಡಿಸುತ್ತಾಳೆಂದು ಅವಳನ್ನು ನೀರಿನ ಗಡಿಗೆ ಹತ್ತಿರ ಕೂರಿಸುತ್ತಿದ್ದರಂತೆ. ಅವಳು ಇವತ್ತೂ ತಾನಾಗಿ ಹೋಗಿ ಅಲ್ಲೇ ಕೂತಳು.

ರಾಜಲಕ್ಷ್ಮಮ್ಮನವರು ಹಜಾರದ ಬಾಗಿಲು ಹಾಕಿಸಿ, "ಇವತ್ತು ಸಾಲು ಬೇಡ. ನೀವು ದಿನಾ ನೋಡುವ ಯಾವುದಾದರೂ ಒಂದು ಆಗಿ. ಮರ ಆಗಿ, ಕೊಕ್ಕರೆ ಆಗಿ, ಏನು ಬೇಕಾದರೂ. ನಾನು ತೋರಿಸಿಕೊಡುವುದಿಲ್ಲ, ನೀವೇ ಮಾಡಬೇಕು" ಎಂದರು. ಹದಿನಾರು ಮಕ್ಕಳೂ ನೆಲ ನೋಡುತ್ತಾ ನಿಂತರು. ತಿಪ್ಪಯ್ಯನ ಮಗಳು ಚಿಕ್ಕಕ್ಕ ಪಕ್ಕದವಳ ತೋಳು ಕಚ್ಚಿದಳು. ಅವಳು ದಿನಾ ಯಾರನ್ನಾದರೂ ಕಚ್ಚುತ್ತಾಳೆ.

"ತಾಳ ಇಲ್ಲದೆ ಕಾಲು ಏಳುವುದಿಲ್ಲ. ಇಂದ್ರಮ್ಮ, ಆ ಸೀಮೆಎಣ್ಣೆ ಡಬ್ಬ ತನ್ನಿ" ಎಂದರು. ನಾನು ತಂದು ಕೊಟ್ಟೆ. "ನನಗಲ್ಲ, ನೀವು ಬಾರಿಸಿ."

ಡಬ್ಬ ಬಾರಿಸಿದ್ದೋ ಉಗುರು ತಾಗಿಸಿದ್ದೋ ಗೊತ್ತಾಗದ ಹಾಗೆ ಬಾರಿಸಿದೆ. ಮಕ್ಕಳು ನಕ್ಕರು. ನಕ್ಕ ಮೇಲೆ ಒಂದಿಬ್ಬರು ಅಲುಗಾಡಿದರು.

ಜುಲೈ ೧೭, ಶುಕ್ರವಾರ

ಇವತ್ತು ಮಕ್ಕಳೇ ಒಂದು ಕುಣಿತ ಕಟ್ಟಿದರು. ತೋಟದ ಬಾವಿಯಿಂದ ಕಪಿಲೆ ಹೊಡೆಯುವುದನ್ನು ಎಲ್ಲರೂ ನೋಡಿದ್ದಾರೆ. ಎರಡು ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಹಗ್ಗ ಎಳೆದು ನೀರು ಮೇಲೆ ಬರುತ್ತದೆ, ಹಿಂದಕ್ಕೆ ಬಂದರೆ ನೀರೆತ್ತುವ ತೊಗಲಿನ ಚೀಲ ಬಾವಿಗಿಳಿಯುತ್ತದೆ. ಚಿಕ್ಕಕ್ಕ ಒಂದು ಎತ್ತು, ಅವಳಿಂದ ಕಚ್ಚಿಸಿಕೊಂಡವಳೇ ಇನ್ನೊಂದು ಎತ್ತು. ಕೈ ಕೈ ಹಿಡಿದು ಮುಂದೆ ಆರು ಹೆಜ್ಜೆ, ಹಿಂದೆ ಆರು ಹೆಜ್ಜೆ. ಮಿಕ್ಕವರು ಹಗ್ಗ, ಗಾಲಿ, ಕಾಲುವೆ, ಪೈರಿನ ಮಡಿ.

"ನೀರು ಯಾರು?" ಎಂದು ಮೇಷ್ಟ್ರಮ್ಮ ಕೇಳಿದರು. ಯಾರಿಗೂ ಹೊಳೆದಿರಲಿಲ್ಲ. ಗಡಿಗೆ ಹತ್ತಿರದಿಂದ ಆಂಜಿನಮ್ಮ ಎದ್ದು, "ನೀರು ನೆಟ್ಟುಗೆ ಓಗಲ್ಲ ಕಣವ್ವ, ನಾನೇ ಆಯ್ತೀನಿ" ಎಂದಳು.

ಕುಂಟುತ್ತಾ, ಬಾಗುತ್ತಾ, ಒಬ್ಬೊಬ್ಬರ ನಡುವೆ ನುಸುಳಿ ಹೋದಳು. ಅವಳು ಮುಟ್ಟಿದವರೆಲ್ಲ ಪೈರಿನಂತೆ ಎದ್ದು ನಿಂತರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಡಬ್ಬ ಬಾರಿಸುವುದನ್ನು ಮರೆತು ನೋಡುತ್ತಿದ್ದೆ. "ಇಂದ್ರಕ್ಕ, ನಿಂತೋಗ್ಬ್ಯಾಡ, ಎತ್ತು ಬಾವಿಗ್ ಬಿದ್ದೋಯ್ತವೆ!" ಎಂದು ಚಿಕ್ಕಕ್ಕ ಕೂಗಿದಳು.

ಜುಲೈ ೩೧, ಶುಕ್ರವಾರ

ಬೆಳಿಗ್ಗೆ ಲಕ್ಷ್ಮಕ್ಕನವರ ದೂರು. "ಅದೇನ್ ಓದುಸ್ತೀರೋ ಕಾಣೆ ಕಣಮ್ಮ. ಅರ್ಧ ಮುದ್ದೆ ತಿನ್ನೋಳು ಈಗ ಒಂದೂವರೆ ಕೇಳ್ತಾಳೆ. ಉಂಡು ಕೈ ತೊಳೆಯೋದ್ರಾಗೆ ನಿದ್ದೆ. ಮೊದ್ಲು ರಾತ್ರಿಯೆಲ್ಲ ಕಾಲು ನೋವು ಅಂತ ನರಳೋಳು."

"ಒಳ್ಳೇದಲ್ವಾ?" ಎಂದೆ.

"ಒಳ್ಳೇದೇ ಕಣವ್ವ. ಬೀಸೋ ಕೈ ನಂದಲ್ವಾ, ಅದುಕ್ಕಂದೆ." ಅಂದು ನಕ್ಕರು.

ತಿಪ್ಪಯ್ಯ ಬೀದಿಯಲ್ಲಿ ತಡೆದು, "ನಮ್ ಮಗ್ಳು ಕಚ್ಚೋದು ಬುಟ್ಟವ್ಳೆ. ಮಂತ್ರಗಿಂತ್ರ ಆಕಿದ್ರಾ?" ಎಂದ. ಚಿಕ್ಕಕ್ಕ ನನ್ನ ಸೆರಗಿನ ಮರೆಯಿಂದ, "ಎತ್ತು ಕಚ್ಚಲ್ಲ ಕಣಪ್ಪ, ಹಾಯ್ತದೆ ಅಷ್ಟೆ" ಎಂದಳು.

ಆಗಸ್ಟ್ ೧೨, ಬುಧವಾರ

ಆಂಜಿನಮ್ಮನ ಹೆಬ್ಬೆರಳಿಗೆ ದಿನಾ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚುತ್ತಿದ್ದೇನೆ. ಗಾಯ ಸಣ್ಣದಾಗುತ್ತಿದೆ. ಎಣ್ಣೆಯಿಂದಲ್ಲ ಎಂದು ಮೇಷ್ಟ್ರಮ್ಮ ಹೇಳಿದರು. "ನೀರಾದಾಗ ಅವಳು ಕಾಲನ್ನು ಮರೆಯುತ್ತಾಳೆ. ಮರೆತಾಗ ಪಾದ ಏಳುತ್ತದೆ. ನೆನಪಾದ ಕೂಡಲೇ ಎಳೆಯುತ್ತಾಳೆ. ಕಾಲಿಗೆ ಶಕ್ತಿ ಇಲ್ಲದಿಲ್ಲ, ಐದು ವರ್ಷ ಕೆಲಸವಿಲ್ಲದೆ ಮಲಗಿದೆ. ಇನ್ನೊಂದು ವರ್ಷ ಹೀಗೇ ಕುಣಿದರೆ ಎದ್ದು ನಿಂತೀತು. ಬಿಟ್ಟರೆ ಹೋಯಿತು" ಎಂದರು.

ಬಿಟ್ಟರೆ ಹೋಯಿತು. ಆ ಮಾತು ನನ್ನ ಜೊತೆ ಮನೆಗೆ ಬಂತು.

ಪಾದ ಎದ್ದದ್ದು ಅವಳಿಗೇ ತಿಳಿಯುವ ಹಾಗಿದ್ದರೆ? ಎತ್ತಿದಾಗ ಒಂದು ಶಬ್ದ, ಎಳೆದಾಗ ಇನ್ನೊಂದು?

ಆಗಸ್ಟ್ ೧೪, ಶುಕ್ರವಾರ

ಪೆಟ್ಟಿಗೆ ತೆಗೆದೆ. ಎರಡು ವರ್ಷದಿಂದ ತೆಗೆದಿರಲಿಲ್ಲ. ಪ್ಲೇಗು ಬಂದು ಊರು ಬಿಟ್ಟು ಹೊಲದ ಗುಡಿಸಲಿನಲ್ಲಿದ್ದಾಗ ನಾಲ್ಕು ದಿನದ ಅಂತರದಲ್ಲಿ ನಮ್ಮ ಯಜಮಾನರೂ ಹೋದರು, ಮಗಳೂ ಹೋದಳು. ಅವಳ ಕಾಲ್ಗೆಜ್ಜೆಯನ್ನು ನಾನೇ ಬಿಚ್ಚಿದ್ದು. ಆಗ ತಾನೇ ಓಡಾಡಲು ಕಲಿತಿದ್ದಳು. ನಾನು ಒಲೆ ಮುಂದೆ ಕೂತರೂ ಅವಳು ಎಲ್ಲಿದ್ದಾಳೆಂದು ಕೇಳುತ್ತಿತ್ತು.

ಇವತ್ತು ಇಷ್ಟೇ.

ಆಗಸ್ಟ್ ೨೪, ಸೋಮವಾರ

ಆಂಜಿನಮ್ಮನ ಕಾಲಿಗೆ ಆ ಗೆಜ್ಜೆಯ ಸರಪಳಿ ಸಾಲಲಿಲ್ಲ. ಎರಡು ವರ್ಷದ ಮಗುವಿನ ಅಳತೆ. ಅದಕ್ಕೆ ಗೆಜ್ಜೆಗಳನ್ನು ಬಿಡಿಸಿ ಒಂದು ಕೆಂಪು ಬಟ್ಟೆಯ ಪಟ್ಟಿಗೆ ಹೊಲಿದೆ. ಹನ್ನೆರಡು ಗೆಜ್ಜೆ, ಎರಡು ಸಾಲು.

ಎಡಗಾಲಿಗೆ ಮಾತ್ರ ಕಟ್ಟಿದೆ. ಮೊದಲು ಎಳೆದಳು. ಮಣ್ಣಿನ ಸದ್ದು ಬಂತು, ಸರ್ ಎಂದು. "ಇನ್ನೊಂದ್ಸಲ" ಎಂದೆ. ಕಣ್ಣು ಮುಚ್ಚಿ ಮಂಡಿ ಎತ್ತಿದಳು. ಘಲ್ ಎಂದಿತು. ಕಣ್ಣು ಬಿಟ್ಟು ತನ್ನ ಕಾಲನ್ನೇ ಹೊಸಬರನ್ನು ನೋಡಿದ ಹಾಗೆ ನೋಡಿದಳು.

ರಾಜಲಕ್ಷ್ಮಮ್ಮನವರು ಬಗ್ಗಿ ಪಟ್ಟಿಯನ್ನು ಮುಟ್ಟಿ ನೋಡಿದರು. ಆಮೇಲೆ, "ಯೋಚನೆ ಒಳ್ಳೆಯದು. ಆದರೆ ಹಜಾರದ ಒಳಗೆ ಮಾತ್ರ, ಇಂದ್ರಮ್ಮ. ಬಾಗಿಲು ಹಾಕಿ ಕಟ್ಟಿ, ತೆಗೆಯುವ ಮುಂಚೆ ಬಿಚ್ಚಿ. ಹೊರಗಿನವರಿಗೆ ಕಾಲು ಕಾಣುವುದಿಲ್ಲ, ಪಟ್ಟಿ ಕಾಣುತ್ತದೆ" ಎಂದರು. ನಾನು ಹೂಂ ಎಂದೆ. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲವೆಂದಲ್ಲ. ಘಲ್ ಎಂದ ಸದ್ದು ಕಿವಿಯಲ್ಲಿ ತುಂಬಿತ್ತು, ಬೇರೇನೂ ಒಳಗೆ ಹೋಗಲಿಲ್ಲ.

ಸೆಪ್ಟೆಂಬರ್ ೫, ಶನಿವಾರ

ಹೆಬ್ಬೆರಳಿನ ಗಾಯ ಮಾಯಿತು. ಬೀದಿಯಲ್ಲಿ ನಡೆಯುವಾಗ ನಾಲ್ಕು ಹೆಜ್ಜೆ ಗೆರೆ, ಒಂದು ಹೆಜ್ಜೆ ಅಚ್ಚು. ನಾನು ಹಿಂದೆ ನಡೆದುಕೊಂಡು ನೋಡುತ್ತೇನೆ. ಮೂಡಲಗಿರಿಯಪ್ಪನವರು ಜಗಲಿಯಿಂದ ನೋಡುತ್ತಿದ್ದರು. ಸಾಯಂಕಾಲ ನಮ್ಮ ಅಂಗಡಿಗೆ ಬಂದು ಒಂದು ಸೋರೆಕಾಯಿ ಇಟ್ಟು ಹೋದರಂತೆ. "ಯಾಕೆ ಕೊಟ್ಟ ಅಂತ ಹೇಳ್ಲೇ ಇಲ್ಲ" ಎಂದ ಅಣ್ಣ.

ಸೆಪ್ಟೆಂಬರ್ ೧೬, ಬುಧವಾರ

ಆದದ್ದನ್ನು ಆದ ಹಾಗೇ ಬರೆಯಬೇಕು.

ತುಮಕೂರಿನಿಂದ ಇನ್ಸ್‌ಪೆಕ್ಟ್ರೆಸ್ ಅಮ್ಮನವರು ಬಂದಿದ್ದರು. ಪಾಠ ಕೇಳಿದರು, ಹೊಲಿಗೆ ನೋಡಿದರು. ಆಮೇಲೆ, "ನಿಮ್ಮ ಮಕ್ಕಳು ಏನೋ ಕುಣಿಯುತ್ತಾರಂತಲ್ಲ, ನೋಡೋಣ. ಈ ಹಜಾರ ಕತ್ತಲೆ, ಅಂಗಳಕ್ಕೆ ನಡೆಯಿರಿ" ಎಂದರು. ಅಂಗಳದ ಗೋಡೆ ಎದೆಮಟ್ಟ. ಸಂತೆಯ ದಿನ ಬೇರೆ. ಹೋಗುವವರು ಬರುವವರು ಗೋಡೆಗೆ ಒರಗಿ ನಿಂತರು.

ರಾಜಲಕ್ಷ್ಮಮ್ಮನವರು ನನ್ನ ಪಕ್ಕದಲ್ಲಿ ಹಾಯ್ದು ಹೋಗುತ್ತಾ ಮೆಲ್ಲಗೆ, "ಇವತ್ತು ಅದು ಬೇಡ" ಎಂದರು.

ಆಂಜಿನಮ್ಮ ನನ್ನ ಕೈ ಹಿಡಿದಳು. "ಇಂದ್ರಕ್ಕ, ಗೆಜ್ಜೆ ಇಲ್ದಿದ್ರೆ ಕಾಲು ನಂಗೆ ಕೇಳ್ಸಲ್ಲ. ಎಲ್ರ ಮುಂದೆ ಎಳ್ದುಬುಡ್ತೀನಿ."

ಕಟ್ಟಿದೆ. ಬಾಗಿಲ ಮರೆಯಲ್ಲಿ ಕೂತು, ಗಂಟು ಬಿಗಿ ಮಾಡಿ ಕಟ್ಟಿದೆ.

ಎಷ್ಟು ಚೆನ್ನಾಗಿ ಹರಿದಳು ನೀರು! ಒಂದು ಸಲವೂ ಎಳೆಯಲಿಲ್ಲ. ಇನ್ಸ್‌ಪೆಕ್ಟ್ರೆಸ್ ಅಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡರು. ಪುಸ್ತಕದಲ್ಲಿ ಮೆಚ್ಚಿ ಬರೆದರು. ನಾನು ಡಬ್ಬ ಬಾರಿಸುತ್ತಾ ಗೋಡೆಯ ಕಡೆ ನೋಡಿದಾಗ ಗೌಡಗೆರೆಯ ಪಾಲಣ್ಣ ಕಂಡರು. ಆಂಜಿನಮ್ಮನನ್ನು ಅವರ ಮಗನಿಗೆಂದು ಮಾತಾಗಿದೆ. ಲಕ್ಷ್ಮಕ್ಕನಿಗೆ ಅವರು ತಮ್ಮನಾಗಬೇಕು. ಮೊದಲು ಅವರ ಕಣ್ಣು ಮಗುವಿನ ಮುಖದ ಮೇಲಿತ್ತು. ಆಮೇಲೆ ಕಾಲಿಗೆ ಇಳಿಯಿತು. ಹೆಗಲ ಮೇಲಿನ ಟವಲು ಕೊಡವಿಕೊಂಡು ಹೊರಟುಹೋದರು.

ಸೆಪ್ಟೆಂಬರ್ ೧೭, ಗುರುವಾರ

ನಾಲ್ಕು ಮಕ್ಕಳು ಬಂದರು. ಮಿಕ್ಕ ಮನೆಗಳಲ್ಲಿ ಬಾಗಿಲು ತೆಗೆಯಲಿಲ್ಲ. ಮೂಡಲಗಿರಿಯಪ್ಪನವರ ಬಾಗಿಲಿಗೆ ಒಳಗಿನಿಂದ ಅಗಣಿ ಹಾಕಿತ್ತು.

ಅತ್ತಿಗೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು ಕೇಳಿದರು, "ಹುಡುಗಿ ಕಾಲಿಗೆ ಗೆಜ್ಜೆ ಪಟ್ಟಿ ಕಟ್ಟಿಸಿದ್ರಂತೆ ನಿಮ್ಮ ಮೇಷ್ಟ್ರಮ್ಮ?"

ನಾನು ಮೊರ ಎತ್ತಿಕೊಂಡು ಕೇರತೊಡಗಿದೆ.

"ಕೂಸಿಗೆ ಸರಪಳಿಗೆಜ್ಜೆ ಹಾಕೋದು ಬೇರೆ, ಬಟ್ಟೆಗೆ ಹೊಲಿದು ಕಟ್ಟಿ ಕುಣಿಸೋದು ಬೇರೆ. ನಿಂಗೇನು ಗೊತ್ತಿಲ್ವಾ? ಗಂಡುಮಕ್ಕಳಿಲ್ಲದ ಮನೇಲಿ ಹೆಣ್ಣನ್ನ ದೇವರಿಗೆ ಬಸವಿ ಬಿಡೋವಾಗ ಅಂಥದ್ದೇ ಪಟ್ಟಿ ಕಟ್ಟೋದು. ಆಮೇಲೆ ಅವಳಿಗೆ ಮದುವೆ ಇಲ್ಲ, ಮನೆ ಇಲ್ಲ. ಮೂಡಲಗಿರಿಯಪ್ಪನಿಗೆ ಅವಳೊಬ್ಬಳೇ. ಅವನು ಮಗಳನ್ನ ಬಿಡೋಕೆ ಹೊರಟವ್ನೆ, ಸ್ಕೂಲಲ್ಲಿ ಕುಣಿತ ಕಲಿಸ್ತಾವ್ರೆ ಅಂತ ಸಂತೆ ಪೂರಾ ಆಡ್ಕೊಂಡಿತು. ಪಾಲಣ್ಣ ಸಂಬಂಧ ಬೇಡ ಅಂತ ಅಂದ್ನಂತೆ."

ನನಗೆ ಗೊತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಆದರೆ ಹೊಲಿಯುವಾಗ ನಾನು ಬೇರೆ ಕಾಲನ್ನು ನೆನೆಯುತ್ತಿದ್ದೆ.

ಸೆಪ್ಟೆಂಬರ್ ೨೦, ಭಾನುವಾರ

ಪಾಠಶಾಲೆಯ ಜಗಲಿಯಲ್ಲಿ ಊರು ಸೇರಿತ್ತು. ಪಟೇಲ ಪರ್ವತಯ್ಯನವರು ಕಂಬಕ್ಕೊರಗಿ ಕೂತಿದ್ದರು. ಮೂಡಲಗಿರಿಯಪ್ಪನವರು ಕೂರಲಿಲ್ಲ.

"ಹೆಣ್ಮಕ್ಳಿಗೆ ನಾಲ್ಕಕ್ಷರ ಬರ್ಲಿ ಅಂತ ಕಳುಸ್ದೋ. ಕುಣಿಸೋಕಲ್ಲ" ಎಂದರು ಪಟೇಲರು.

ರಾಜಲಕ್ಷ್ಮಮ್ಮನವರು ಎದ್ದು ನಿಂತು, ಮಕ್ಕಳು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಎಂದು ನಿಧಾನವಾಗಿ ಹೇಳಿದರು. ಊಟ, ನಿದ್ದೆ, ಜಗಳ ಕಡಿಮೆಯಾದದ್ದು, ಆಂಜಿನಮ್ಮನ ಕಾಲು. ತಿಪ್ಪಯ್ಯ ಹಿಂದಿನಿಂದ, "ಅದು ದಿಟ ಸ್ವಾಮಿ, ನಮ್ ಮಗ್ಳು ಕಚ್ಚೋದು..." ಎಂದು ಶುರು ಮಾಡಿದ. "ನೀನ್ ಸುಮ್ಕಿರ್ಲಾ" ಎಂದು ಯಾರೋ ಗದರಿದರು.

ಮೂಡಲಗಿರಿಯಪ್ಪನವರು ಒಂದೇ ಮಾತು ಕೇಳಿದರು. "ಅದೆಲ್ಲ ಆಗ್ಲಿ ತಾಯಿ. ನನ್ ಮಗ್ಳ ಕಾಲಿಗೆ ಪಟ್ಟಿ ಕಟ್ಟಿದೋರು ಯಾರು?"

ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ರಾಜಲಕ್ಷ್ಮಮ್ಮನವರು ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿನಿಂದ ಅಲ್ಲ. ನಾನು ಎಲ್ಲಿ ಬಿದ್ದುಬಿಡುವೆನೋ ಎಂದು ನೋಡಿದ ಹಾಗಿತ್ತು. ಆಮೇಲೆ ಮೂಡಲಗಿರಿಯಪ್ಪನವರ ಕಡೆ ತಿರುಗಿ ಹೇಳಿದರು.

"ನಾನು."

ಸೆಪ್ಟೆಂಬರ್ ೨೧, ಸೋಮವಾರ

ಬಾಯಿ ಬಿಡಲಿಲ್ಲ ನಾನು.

ಅಕ್ಟೋಬರ್ ೯, ಶುಕ್ರವಾರ

ವರ್ಗದ ಹುಕುಂ ಬಂತು. ಪಾವಗಡದ ಆಚೆ, ತೆಲುಗು ಮಾತಾಡುವ ಒಂದು ಹಳ್ಳಿ. ರಾಜಲಕ್ಷ್ಮಮ್ಮನವರ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುತ್ತು. ಪಾವಗಡದ ಬಸ್ಸಿಗೆ ರಸ್ತೆಯವರೆಗೆ ನಾನು ಜೊತೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ರಸ್ತೆ ಬಂದುಬಿಟ್ಟಿತು.

"ನನ್ನಿಂದ" ಎಂದೆ ಕೊನೆಗೆ. ಅಷ್ಟೇ ಬಂತು.

"ನಿಮ್ಮಿಂದ ಒಂದು ಪಾದ ಎದ್ದಿತು. ಅದನ್ನೂ ಬರೆದಿಟ್ಟುಕೊಳ್ಳಿ" ಎಂದರು. "ನಾನು ಸರ್ಕಾರದ ಕೆಲಸದವಳು, ಇನ್ನೊಂದು ಊರು ಸಿಗುತ್ತದೆ. ನಿಮಗೆ ಇದೊಂದೇ ಊರು. ಅದಕ್ಕೇ ಹಾಗೆ ಹೇಳಿದೆ, ದೊಡ್ಡತನ ಅಂತ ತಿಳಿಯಬೇಡಿ." ಬಸ್ಸು ಬರುವ ತನಕ ಮಿಡಿಗೇಶಿ ಕೋಟೆಯ ಕಡೆ ನೋಡುತ್ತಾ ನಿಂತರು. ಹತ್ತುವಾಗ, "ಆ ಮಗುವಿನ ಮನೆಗೆ ಯಾರಾದರೂ ಹೋದರಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ.

ಅಕ್ಟೋಬರ್ ೧೨, ಸೋಮವಾರ

ಹೋದೆ.

ಅಗಣಿ ಹಾಕಿತ್ತು. "ಲಕ್ಷ್ಮಕ್ಕ" ಎಂದು ಕೂಗಿದೆ. ತೆಗೆಯಲಿಲ್ಲ. ಇನ್ನೊಮ್ಮೆ ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಮೂರನೇ ಸಲಕ್ಕೆ ಮೂಡಲಗಿರಿಯಪ್ಪನವರೇ ತೆಗೆದರು.

"ಪಟ್ಟಿ ಕಟ್ಟಿದ್ದು ನಾನು. ಮೇಷ್ಟ್ರಮ್ಮ ಬೇಡ ಅಂದಿದ್ರು. ಅವು ನನ್ನ ಮಗಳ ಕಾಲಿನ ಗೆಜ್ಜೆ. ಸರಪಳಿ ಸಾಲ್ಲಿಲ್ಲ, ಅದಕ್ಕೆ ಬಟ್ಟೆಗೆ ಹೊಲಿದೆ. ಕಾಲು ಏಳೋದು ಅವಳಿಗೆ ಕೇಳಲಿ ಅಂತ."

ಒಂದೇ ಉಸಿರಿಗೆ ಹೇಳಿದೆನೆಂದು ಅನ್ನಿಸುತ್ತದೆ. ಅವರು ಹೊಸ್ತಿಲ ಮೇಲೆ ಕೂತರು.

"ನಂಗೊಬ್ಳು ಅಕ್ಕ ಇದ್ಲು ಕಣಮ್ಮ" ಎಂದರು. "ಆಗ ನಾನಿನ್ನೂ ಹುಟ್ಟಿರ್ಲಿಲ್ಲ. ಗಂಡು ಆಗ್ಲಿಲ್ಲ ಅಂತ ನಮ್ಮಪ್ಪ ಅವಳ್ನ ದೇವ್ರಿಗ್ ಬುಟ್ಟ. ಬುಟ್ಟ ಮೇಲೆ ನಾನು ಹುಟ್ದೆ. ನಂಗೆ ಬುದ್ಧಿ ಬರೋ ಹೊತ್ಗೆ ಅವ್ಳು ಈ ಮನೆ ಒಳೀಕ್ ಬರ್ತಿರ್ಲಿಲ್ಲ. ಅಬ್ಬದ ದಿನ ಅಲ್ಲಿ, ಆ ಬೇವಿನ ಮರದ ತಾವ ನಿಂತ್ಕಂಡು ನೋಡೋಳು. ಕಾಲ್ಗೆಜ್ಜೆ ಸದ್ದು ಕೇಳಿದ್ರೆ ನಮ್ಮವ್ವ ಒಂದ್ ಮುದ್ದೆ ತಗಂಡೋಗಿ ಕೊಟ್ಬುಟ್ಟು ಅತ್ಕಂಡು ಬರೋಳು. ನಂಗೆ ಮಗ್ಳು ಹುಟ್ಟಿದ್ ದಿನವೇ ಆಣೆ ಇಟ್ಟೆ. ಗಂಡಾಗ್ಲಿ ಬುಡ್ಲಿ, ಇವಳ ಕಾಲಿಗೆ ಪಟ್ಟಿ ಕಟ್ಟಕ್ ಬುಡಲ್ಲ ಅಂತ."

ಒಳಗೆ ಲಕ್ಷ್ಮಕ್ಕನವರ ರಾಗಿ ಬೀಸುವ ಸದ್ದು ನಿಂತಿತು.

"ನನ್ನಿಂದ ತಪ್ಪಾಯ್ತು. ಆದರೆ ಕಾಲು ಎದ್ದಿತ್ತು. ನೀವೂ ನೋಡಿದ್ರಿ. ಗೆಜ್ಜೆ ಬೇಡ, ಏನೂ ಬೇಡ, ಸುಮ್ಮನೆ ಸ್ಕೂಲಿಗೆ ಕಳಿಸಿ."

"ನೋಡ್ದೆ. ನೋಡ್ಲಿಲ್ಲ ಅನ್ನಲ್ಲ. ಸೋರೇಕಾಯಿ ತಂದ್ಕೊಟ್ಟಿರ್ಲಿಲ್ವಾ?" ಅಂಗೈಯಿಂದ ಹೊಸ್ತಿಲು ಸವರಿದರು. "ನೀನ್ ಕಟ್ಟಿದ್ಯೋ ಅವ್ರು ಕಟ್ಟಿದ್ರೋ, ಕಂಡಿದ್ದು ಊರ್ಗೆ. ಪಾಲಣ್ಣ ಈಗ ಒಂದ್ ಮಾತ್ ಅಂದವ್ನೆ. ಹುಡ್ಗೀನ ಈಗ್ಲೇ ಗೌಡಗೆರೆಗೆ ಕಳಿಸ್ಕೊಡು, ನಮ್ಮನೇಲೇ ಬೆಳೀಲಿ, ಬಾಯಿಗಳು ಮುಚ್ತವೆ ಅಂತ. ಇಲ್ದಿದ್ರೆ ಸಂಬಂಧ ಇಲ್ಲ. ಈ ಮಾತ್ ಎದ್ದ ಮೇಲೆ ಇನ್ಯಾರು ತಗಂತಾರೆ ಕುಂಟು ಕೂಸ್ನ? ಕಾಲು ನೋಡ್ಲಾ, ಬಾಳು ನೋಡ್ಲಾ, ನೀನೇ ಹೇಳು ತಾಯಿ."

ನಾನು ಬೇವಿನ ಮರದ ಕಡೆ ನೋಡಿದೆ.

ಅವರು ಎದ್ದು ಒಳಗೆ ಹೋಗಿ, ಆ ಸಂತೆಯ ದಿನ ಮಗುವಿನ ಕಾಲಲ್ಲೇ ಉಳಿದುಬಿಟ್ಟಿದ್ದ ಕೆಂಪು ಪಟ್ಟಿ ತಂದರು. ಮಡಿಸಿ ಇಟ್ಟಿದ್ದರು. "ಕೂಸಿಂದು ಅಂತ ಗೊತ್ತಿರ್ಲಿಲ್ಲ. ಆದ್ರೂ ಯಾಕೋ ಬಾವಿಗೆ ಎಸೆಯಕ್ ಕೈ ಬರ್ಲಿಲ್ಲ" ಎಂದರು. ಮನೆಗೆ ಬಂದು ನೋಡಿದರೆ ಹನ್ನೊಂದೇ ಗೆಜ್ಜೆ. ಒಂದು ಕಡೆ ದಾರ ಹಲ್ಲಿನಿಂದ ಕಡಿದ ಹಾಗಿದೆ.

ನಮ್ಮ ನೀಲಮ್ಮನ ಗೆಜ್ಜೆ ಒಂದು ಆಂಜಿನಮ್ಮನ ಹತ್ತಿರ ಇರಲಿ.

ಅಕ್ಟೋಬರ್ ೩೧, ಶನಿವಾರ

ದಸರೆ ರಜ ಮುಗಿದು ಪಾಠಶಾಲೆ ತೆರೆದಿದೆ. ಹೊಸ ಮೇಷ್ಟ್ರು ವಯಸ್ಸಾದವರು, ಪಾಪದವರು. ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಾರೆ. ಆರು ಮಕ್ಕಳು ಬರುತ್ತಾರೆ. ಇವತ್ತು ಚಿಕ್ಕಕ್ಕ ಕಚ್ಚಿದಳು.

ನವೆಂಬರ್ ೪, ಬುಧವಾರ

ಇವತ್ತು ಆಂಜಿನಮ್ಮನನ್ನು ಗೌಡಗೆರೆಗೆ ಕಳಿಸಿದರು. ಅವರ ಬೀದಿ ಕಿರಿದು, ಗಾಡಿ ಒಳಗೆ ಬರುವುದಿಲ್ಲ. ಹೆದ್ದಾರಿಯ ಹತ್ತಿರ ನಿಲ್ಲಿಸಿದ್ದರು. ಅಲ್ಲಿಯವರೆಗೆ ಮಗು ನಡೆಯಬೇಕು. ಹೊಸ ಸೀರೆ ಉಡಿಸಿದ್ದರು, ಎಂಟು ವರ್ಷದವಳಿಗೆ. ನೆರಿಗೆ ನೆಲಕ್ಕೆ ಉಜ್ಜುತ್ತಿತ್ತು. ಲಕ್ಷ್ಮಕ್ಕ ಒಂದು ಕೈ ಹಿಡಿದಿದ್ದರು, ಅಪ್ಪ ಇನ್ನೊಂದು. ಊರಿನವರು ಜಗಲಿಗಳ ಮೇಲೆ ನಿಂತು ನೋಡುತ್ತಿದ್ದರು.

ಒಂದೂವರೆ ತಿಂಗಳು ಮನೆಯೊಳಗೇ ಇದ್ದಳಲ್ಲ. ಪಾದ ಎಳೆಯುತ್ತಿದ್ದಳು. ಮನೆಯ ಬಾಗಿಲಿನಿಂದಲೇ ಗೆರೆ, ಮೊದಲಿಗಿಂತ ಆಳ.

ನಾನು ಪಾಠಶಾಲೆಗೆ ಓಡಿದೆ. ನೀರಿನ ಗಡಿಗೆ ಪಕ್ಕದಲ್ಲಿ ಡಬ್ಬ ಬೋರಲು ಬಿದ್ದಿತ್ತು. ತೆಗೆದುಕೊಂಡು ಬಂದು ಬೇವಿನ ಮರದ ಕೆಳಗೆ ನಿಂತು ಬಾರಿಸಿದೆ. ಎತ್ತು ಇಳಿಜಾರಿಗಿಳಿಯುವ ತಾಳ. ಆರು ಮುಂದಕ್ಕೆ, ಆರು ಹಿಂದಕ್ಕೆ.

"ಏನಮ್ಮ ಇದು!" ಎಂದು ಪಟೇಲರು ಜಗಲಿಯಿಂದ ಕೂಗಿದರು. ಮೂಡಲಗಿರಿಯಪ್ಪನವರು ತಿರುಗಿ ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಮಗಳ ಕೈ ಬಿಟ್ಟರು. ಲಕ್ಷ್ಮಕ್ಕನೂ ಬಿಟ್ಟರು.

ಆಂಜಿನಮ್ಮ ನಿಂತಳು. ನನ್ನ ಕಡೆ ನೋಡಲಿಲ್ಲ. ಬಗ್ಗಿ ನೆರಿಗೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡಳು. ಆಮೇಲೆ ನಡೆದಳು.

ಗಾಡಿ ಹೋಗುವ ತನಕ ಬಾರಿಸಿದೆ. ಕೆರೆ ಏರಿ ತಿರುಗಿ ಕಾಣದಾಯಿತು. ಬೆರಳಿನ ಗಿಣ್ಣು ಸುಲಿದು ರಕ್ತ ಬಂದಿದೆ, ಬರೆಯಲು ಸ್ವಲ್ಪ ಕಷ್ಟ.

ಎಲ್ಲರೂ ಒಳಗೆ ಹೋದ ಮೇಲೆ ಬೀದಿಯಲ್ಲಿ ನೋಡಿದೆ. ಬಾಗಿಲಿನಿಂದ ಬೇವಿನ ಮರದವರೆಗೆ ಗೆರೆ. ಮರದಿಂದ ಗಾಡಿಯವರೆಗೆ ಪುಟ್ಟ ಪುಟ್ಟ ಅಚ್ಚು, ಎಡದ್ದು, ಬಲದ್ದು. ಗೆರೆ ಇರಲಿಲ್ಲ.

ಮನೆಗೆ ಬಂದಾಗ ಅತ್ತಿಗೆ, "ನಡುಬೀದೀಲಿ ನಿಂತು ಡಬ್ಬ ಬಾರಿಸಿದ್ಯಂತೆ?" ಎಂದರು.

"ಹೌದು" ಎಂದೆ. ಬೆರಳಿಗೆ ಎಣ್ಣೆ ಕೇಳಿದೆ. ಕೊಟ್ಟರು.

ನವೆಂಬರ್ ೫, ಗುರುವಾರ

ಬೆಳಗಿನ ಗಾಳಿಗೆ ಬೀದಿಯ ಧೂಳು ಸಮನಾಗಿತ್ತು. ಹನ್ನೊಂದು ಮನೆಗೂ ಹೋಗಿ ಕೂಗಿದೆ. ಏಳು ಮಕ್ಕಳು ಬಂದರು, ನಿನ್ನೆಗಿಂತ ಒಂದು ಹೆಚ್ಚು. ಲಕ್ಷ್ಮಕ್ಕನವರ ಮನೆ ಮುಂದೆ ಬಂದಾಗ ಅಭ್ಯಾಸದ ಮೇಲೆ, "ಆಂಜಿನಮ್ಮಾ" ಎಂದು ಕೂಗಿಬಿಟ್ಟೆ.

"ಬಂದ್ಲು, ಒಸಿ ಇರಮ್ಮ" ಎಂದರು ಲಕ್ಷ್ಮಕ್ಕ ಒಳಗಿನಿಂದ.

ಆಮೇಲೆ ಇಬ್ಬರಿಗೂ ನೆನಪಾಯಿತು. ನಾನು ಈಚೆ ನಿಂತಿದ್ದೆ. ಅವರು ಬಾಗಿಲ ಆಚೆ ಬಂದು ನಿಂತದ್ದು ಹೆಜ್ಜೆ ಸದ್ದಿನಿಂದ ತಿಳಿಯಿತು. ಬಾಗಿಲು ತೆಗೆಯಲಿಲ್ಲ. ನಾನೂ ಬೇಗ ಹೊರಡಲಿಲ್ಲ.